ಲೀಡರ್‌ಶಿಪ್ ಟೀಮ್ ಚಿಕ್ಕದಾಗಿ ಇಟ್ಟುಕೊಳ್ಳುವುದು ಹೇಗೆ?

ನಾನು ಹಿಂದೆ ಇದ್ದ ಒಂದು ಕಂಪನಿಯಲ್ಲಿ ಪ್ರತಿ ಸೋಮವಾರ ಬೆಳಿಗ್ಗೆ ಲೀಡರ್‌ಶಿಪ್ ಮೀಟಿಂಗ್. ಉದ್ದನೆಯ ಮೇಜು, ಸುತ್ತ 14 ಜನ. ನಾನು ಆಪರೇಷನ್ಸ್ ನೋಡಿಕೊಳ್ಳುತ್ತಿದ್ದೆ. ಒಂದು ಸೋಮವಾರ ಬಂದ ಪ್ರಶ್ನೆ ಇಷ್ಟೇ: ಇಬ್ಬರು ದೊಡ್ಡ ಗ್ರಾಹಕರಿಗೆ ಒಂದೇ ತಿಂಗಳಲ್ಲಿ ಮಾಲು ಕಳಿಸಬೇಕು, ನಮ್ಮ ಕೈಲಿ ಒಬ್ಬರಿಗೆ ಮಾತ್ರ ಆಗುತ್ತದೆ. ಯಾರಿಗೆ ಮೊದಲು?

ಎರಡು ಗಂಟೆ ಮಾತಾಡಿದೆವು. ಸೇಲ್ಸ್‌ನವರು ಹಳೆಯ ಗ್ರಾಹಕರ ಪರ, ಫೈನಾನ್ಸ್‌ನವರು ಬೇಗ ದುಡ್ಡು ಕೊಡುವವರ ಪರ. ಎಚ್‌ಆರ್‌ನವರು ಓವರ್‌ಟೈಮ್ ಬಗ್ಗೆ ಎಚ್ಚರಿಸಿದರು. ಮಾತಾಡದಿದ್ದರೆ ಚೆನ್ನಾಗಿರಲ್ಲ ಅಂತ ಉಳಿದವರೂ ಒಂದೊಂದು ಮಾತು ಸೇರಿಸಿದರು. ಕೊನೆಗೆ ಸಿಇಒ, 'ಇಬ್ಬರನ್ನೂ ಸಮಾಧಾನವಾಗಿ ಇಟ್ಟುಕೊಳ್ಳೋಣ' ಅಂದರು. ಅಡ್ಡಗೋಡೆ ಮೇಲೆ ದೀಪ ಇಟ್ಟಂಥ ಮಾತು. ಮೀಟಿಂಗ್ ಮುಗಿಯಿತು.

ಹೊರಗೆ ಬಂದು ಲಿಫ್ಟ್‌ಗೆ ಕಾಯುವಾಗ ಸಿಇಒ, ಸೇಲ್ಸ್ ಹೆಡ್ ಮತ್ತು ನಾನು ಮೂವರೇ ಇದ್ದೆವು. 'ಹಳೆಯವರಿಗೆ ಅರ್ಧ ಮಾಲು ಈ ತಿಂಗಳು ಕಳಿಸಿದರೆ ನಡೆಯುತ್ತಾ?' ಅಂತ ನಾನು ಕೇಳಿದೆ. 'ನಡೆಯುತ್ತೆ, ನಾನೇ ಫೋನ್ ಮಾಡಿ ಒಪ್ಪಿಸ್ತೀನಿ' ಅಂದರು ಸೇಲ್ಸ್ ಹೆಡ್. ಸಿಇಒ ತಲೆಯಾಡಿಸಿದರು. ನಾಲ್ಕು ನಿಮಿಷದಲ್ಲಿ ತೀರ್ಮಾನ ಆಗಿಹೋಯಿತು. 14 ಜನರ ಎರಡೆರಡು ಗಂಟೆ ಅಂದರೆ ಒಟ್ಟು 28 ಗಂಟೆ. ಅದರಲ್ಲಿ ಆಗದ ಕೆಲಸ ಲಿಫ್ಟ್ ಬಾಗಿಲಲ್ಲಿ ಆಯಿತು.

ಆಗ ನನಗೆ ಖುಷಿಯಾಗಿತ್ತು. ತಿಂಗಳು ಕಳೆದ ಮೇಲೆ ಅದರ ಕೆಟ್ಟ ಮುಖ ಕಂಡಿತು. ಒಳಗೆ ಕೂತಿದ್ದ ಉಳಿದ 11 ಜನಕ್ಕೆ ಆ ತೀರ್ಮಾನ ಗೊತ್ತೇ ಇರಲಿಲ್ಲ. ಫೈನಾನ್ಸ್‌ನವರು ಪೂರ್ತಿ ಮಾಲಿಗೆ ಬಿಲ್ ಮಾಡಿ ಕಳಿಸಿಬಿಟ್ಟಿದ್ದರು. ಗ್ರಾಹಕರು ಫೋನ್ ಮಾಡಿ ಕೂಗಾಡಿದ್ದು ನನ್ನ ಮೇಲೆ.

ಆಮೇಲಿನ ವರ್ಷಗಳಲ್ಲಿ ಎರಡು ಕಂಪನಿಗಳಲ್ಲಿ ಇಂಥ ದೊಡ್ಡ ಟೀಮ್‌ಗಳನ್ನು ಚಿಕ್ಕದು ಮಾಡುವ ಕೆಲಸದಲ್ಲಿ ಕೈ ಜೋಡಿಸಿದ್ದೇನೆ. ಒಂದು ಕಡೆ ಚೆನ್ನಾಗಿ ಆಯಿತು. ಇನ್ನೊಂದು ಕಡೆ ಒಳ್ಳೆಯವರನ್ನು ನೋಯಿಸಿ ಕಳೆದುಕೊಂಡೆವು. ಎರಡರಿಂದಲೂ ಕಲಿತದ್ದನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ.

ಜನ ಜಾಸ್ತಿಯಾದರೆ ಏನಾಗುತ್ತದೆ?

ಮೊದಲು ಒಂದು ಸಣ್ಣ ಲೆಕ್ಕ. ಟೀಮ್‌ನಲ್ಲಿ ಐದು ಜನ ಇದ್ದರೆ ಒಬ್ಬರಿಗೊಬ್ಬರ ನಡುವಿನ ಜೋಡಿಗಳು 10. ಎಂಟು ಜನಕ್ಕೆ 28. 14 ಜನಕ್ಕೆ 91. ಪ್ರತಿ ಜೋಡಿಯೂ ಒಂದು ಸಂಬಂಧ. ಅಲ್ಲಿ ನಂಬಿಕೆ ಬೆಳೆಸಬೇಕು, ಮುನಿಸು ಬಂದರೆ ಬಗೆಹರಿಸಬೇಕು, ಸುದ್ದಿ ತಲುಪಿಸಬೇಕು. 91 ಸಂಬಂಧಗಳನ್ನು ಕೆಲಸದ ನಡುವೆ ಕಾಪಾಡಿಕೊಳ್ಳಲು ಆಗಲ್ಲ. ಆಗ ಒಳಗೊಳಗೇ ಎರಡು ಮೂರು ಚಿಕ್ಕ ಗುಂಪುಗಳು ಹುಟ್ಟುತ್ತವೆ. ಮನೆಯೊಂದು, ಮೂರು ಬಾಗಿಲು.

ಎರಡನೆಯದು ಹಗ್ಗದ ಕಥೆ. ಮ್ಯಾಕ್ಸಿಮಿಲಿಯನ್ ರಿಂಗೆಲ್ಮನ್ ಅಂತ ಫ್ರಾನ್ಸ್‌ನ ಒಬ್ಬ ಕೃಷಿ ಎಂಜಿನಿಯರ್ ಇದ್ದರು. ಜನರಿಂದ ಹಗ್ಗ ಎಳೆಸಿ ಬಲ ಅಳೆದರು. 1913ರಲ್ಲಿ ಅದನ್ನು ಪ್ರಕಟಿಸಿದರು. ಎಂಟು ಜನ ಒಟ್ಟಿಗೆ ಎಳೆದಾಗ ಒಬ್ಬೊಬ್ಬರು ಹಾಕಿದ ಬಲ, ಅವರು ಒಂಟಿಯಾಗಿ ಎಳೆದಾಗ ಹಾಕಿದ್ದರ ಅರ್ಧದಷ್ಟೇ ಇತ್ತು. ನಮ್ಮಲ್ಲಿ ಇದಕ್ಕೆ ಎರಡೇ ಪದ ಸಾಕು: ಗುಂಪಲ್ಲಿ ಗೋವಿಂದ. ಒಂದು ಭಾಗ ಸೋಮಾರಿತನ. ಇನ್ನೊಂದು ಭಾಗ, ಎಲ್ಲರೂ ಒಂದೇ ಹೊತ್ತಿಗೆ ಒಂದೇ ದಿಕ್ಕಿಗೆ ಎಳೆಯಲು ಆಗದಿರುವುದು. ದೊಡ್ಡ ಲೀಡರ್‌ಶಿಪ್ ಟೀಮ್‌ನಲ್ಲಿ ಈ ಎರಡನೆಯದೇ ಜಾಸ್ತಿ ಅಂತ ನನ್ನ ಅನುಭವ. ಅಲ್ಲಿ ಕೂತವರು ಯಾರೂ ಸೋಮಾರಿಗಳಲ್ಲ. ಆದರೆ ಎತ್ತು ಏರಿಗೆ ಎಳೆಯುತ್ತದೆ, ಕೋಣ ನೀರಿಗೆ.

ಇಷ್ಟೆಲ್ಲ ಗೊತ್ತಿದ್ದರೂ ಟೀಮ್ ಯಾಕೆ ಬೆಳೆಯುತ್ತದೆ? ಒಂದೊಂದು ಸೇರ್ಪಡೆಗೂ ಆ ಹೊತ್ತಿಗೆ ಒಳ್ಳೆಯ ಕಾರಣ ಇರುತ್ತದೆ. ಒಬ್ಬರು ರಾಜೀನಾಮೆ ಕೊಡುವೆ ಅಂದರು, ಉಳಿಸಿಕೊಳ್ಳಲು ಒಂದು ಕುರ್ಚಿ. ಹೊಸ ವಿಭಾಗ ಶುರುವಾಯಿತು, ಅದರ ಹೆಡ್‌ಗೆ ಒಂದು. ಇನ್ನೊಂದು ಕಂಪನಿಯನ್ನು ಕೊಂಡೆವು, ಅಲ್ಲಿನವರಿಗೆ ಬೇಜಾರಾಗಬಾರದು ಅಂತ ಎರಡು. ಮುಖ ನೋಡಿ ಮಣೆ ಹಾಕಿದ್ದು ಇದೆಲ್ಲ. ಬರುವ ಬಾಗಿಲು ಇದೆ, ಹೋಗುವ ಬಾಗಿಲು ಇಲ್ಲ. ಐದು ವರ್ಷದಲ್ಲಿ ಏಳು ಇದ್ದದ್ದು 14 ಆಗುತ್ತದೆ. ಇದಕ್ಕೆ ಯಾರೊಬ್ಬರ ಮೇಲೂ ತಪ್ಪು ಹೊರಿಸಲು ಆಗಲ್ಲ.

ಅಲ್ಲಿನ ಕುರ್ಚಿ ಗೌರವದ ಗುರುತಾಗಿ ಇರುವವರೆಗೆ ಟೀಮ್ ಬೆಳೆಯುತ್ತಲೇ ಇರುತ್ತದೆ. ಗೌರವ ಬೇರೆ, ಕುರ್ಚಿ ಬೇರೆ ಅಂತ ಮಾಡಬೇಕು. ಕೆಳಗಿನ ಹೆಜ್ಜೆಗಳೆಲ್ಲ ಅದಕ್ಕಾಗಿಯೇ.

ಹೆಜ್ಜೆ 1: ಟೀಮ್‌ನಲ್ಲಿ ಯಾರು ಯಾರಿದ್ದಾರೆ ಅಂತ ಬರೆಸಿ

ಸುಲಭ ಅನ್ನಿಸುತ್ತದೆ, ಅಲ್ವಾ? ಮಾಡಿ ನೋಡಿ. ಈಗ ಮೀಟಿಂಗ್‌ಗೆ ಬರುವ ಎಲ್ಲರಿಗೂ ಒಂದೊಂದು ಚೀಟಿ ಕೊಡಿ. ಪಕ್ಕದವರನ್ನು ಕೇಳದೆ, 'ನಮ್ಮ ಲೀಡರ್‌ಶಿಪ್ ಟೀಮ್‌ನಲ್ಲಿ ಇರುವವರು' ಅಂತ ಹೆಸರುಗಳನ್ನು ಬರೆಯಲು ಹೇಳಿ.

ಹಾರ್ವರ್ಡ್‌ನ ರಿಚರ್ಡ್ ಹ್ಯಾಕ್‌ಮನ್ ಮತ್ತು ರೂತ್ ವೇಜ್‌ಮನ್ ಬೇರೆ ಬೇರೆ ಕಂಪನಿಗಳ 120ಕ್ಕೂ ಹೆಚ್ಚು ಮೇಲ್ಮಟ್ಟದ ಟೀಮ್‌ಗಳನ್ನು ನೋಡಿದ್ದರು. ಟೀಮ್‌ನಲ್ಲಿ ಯಾರಿದ್ದಾರೆ ಅನ್ನುವುದರ ಬಗ್ಗೆ ಎಲ್ಲರ ಉತ್ತರವೂ ಒಂದೇ ಆಗಿದ್ದದ್ದು ಶೇ. 10ಕ್ಕಿಂತ ಕಡಿಮೆ ಟೀಮ್‌ಗಳಲ್ಲಿ. ನಾನು ಇದನ್ನು ಮಾಡಿಸಿದಾಗ ಬಂದ ಚೀಟಿಗಳಲ್ಲಿ ಒಂದರಲ್ಲಿ ಆರು ಹೆಸರು, ಇನ್ನೊಂದರಲ್ಲಿ 17. ಒಬ್ಬರಂತೂ ತಮ್ಮ ಹೆಸರನ್ನೇ ಬರೆದಿರಲಿಲ್ಲ. ಎರಡು ವರ್ಷದಿಂದ ಪ್ರತಿ ವಾರ ಬಂದು ಕೂರುತ್ತಿದ್ದವರು ಅವರು.

ಚೀಟಿಗಳನ್ನು ಯಾರಿಗೂ ತೋರಿಸಬೇಡಿ. ಎಷ್ಟು ವ್ಯತ್ಯಾಸ ಇದೆ ಅನ್ನುವುದನ್ನು ಮಾತ್ರ ಹೇಳಿ. ಬದಲಾವಣೆ ಬೇಕು ಅಂತ ಎಲ್ಲರಿಗೂ ಅನ್ನಿಸಲು ಅಷ್ಟು ಸಾಕಾಗುತ್ತದೆ.

ಹೆಜ್ಜೆ 2: ಈ ಟೀಮ್ ಮಾತ್ರ ಮಾಡಬೇಕಾದ ಕೆಲಸ ಯಾವುದು?

ತುಂಬ ಕಂಪನಿಗಳು ಇದನ್ನು ಬಿಟ್ಟು ನೇರವಾಗಿ 'ಯಾರನ್ನು ತೆಗೆಯೋಣ' ಅನ್ನುವಲ್ಲಿಗೆ ಬಂದುಬಿಡುತ್ತವೆ. ಆಗ ಅದು ಜನರ ಬಗ್ಗೆ ಜಗಳವಾಗುತ್ತದೆ. ಮೊದಲು ಕೆಲಸ ಗೊತ್ತಾಗಲಿ. ಜನ ಆಮೇಲೆ.

ಕಳೆದ ಮೂರು ತಿಂಗಳ ಅಜೆಂಡಾಗಳನ್ನು ಮುಂದಿಟ್ಟುಕೊಳ್ಳಿ. ಚರ್ಚೆಯಾದ ಒಂದೊಂದು ವಿಷಯವನ್ನೂ ಒಂದು ಸಾಲಿನಲ್ಲಿ ಬರೆಯಿರಿ. ಪ್ರತಿ ಸಾಲಿಗೂ ಒಂದೇ ಪ್ರಶ್ನೆ: ಇದನ್ನು ಒಂದು ವಿಭಾಗ ತಾನೇ ತೀರ್ಮಾನ ಮಾಡಬಹುದಿತ್ತಾ?

ಹೌದು ಅಂದರೆ ಅದು ಈ ಟೀಮ್‌ನ ಕೆಲಸ ಅಲ್ಲ. ಆ ವಿಭಾಗಕ್ಕೆ ವಾಪಸ್ ಕಳಿಸಿ. ಸುಮ್ನೆ ಮಾಹಿತಿ ಹೇಳಿದ್ದಾದರೆ ಅದನ್ನು ಬರೆದು ಕಳಿಸಿದ್ದರೂ ಆಗುತ್ತಿತ್ತು. ಸಿಇಒ ಒಬ್ಬರೇ ತೀರ್ಮಾನಿಸಬೇಕಾದದ್ದು ಕೆಲವು ಇರುತ್ತವೆ, ಅವು ಅವರ ಬಳಿಯೇ ಇರಲಿ. ಕೊನೆಗೆ ಉಳಿಯುವುದು ಒಂದು ಸಣ್ಣ ಪಟ್ಟಿ. ಎರಡು ಮೂರು ವಿಭಾಗಗಳು ಒಟ್ಟಿಗೆ ಕೂತು, ಒಬ್ಬರು ಬಿಟ್ಟುಕೊಟ್ಟು, ಇನ್ನೊಬ್ಬರು ಹೊತ್ತುಕೊಂಡು ತೀರ್ಮಾನಿಸಬೇಕಾದ ವಿಷಯಗಳು ಅವು.

ಆ ಪಟ್ಟಿಯಲ್ಲಿ ಸಾಮಾನ್ಯವಾಗಿ ಏನಿರುತ್ತದೆ? ಇರುವ ದುಡ್ಡನ್ನು ಯಾವ ವಿಭಾಗಕ್ಕೆ ಎಷ್ಟು ಹಂಚಬೇಕು. ಈ ಮೂರು ತಿಂಗಳು ಯಾವ ಕೆಲಸ ಮೊದಲು, ಯಾವುದು ಕಾಯಬೇಕು. ನಷ್ಟದಲ್ಲಿರುವ ಪ್ರಾಡಕ್ಟ್ ಮುಂದುವರಿಸಬೇಕಾ, ನಿಲ್ಲಿಸಬೇಕಾ. ಮುಖ್ಯ ಹುದ್ದೆಗೆ ಯಾರು. ದೊಡ್ಡ ಅಪಾಯ ಎದುರಾದರೆ ಏನು ಮಾಡುವುದು. ನಾನು ಕೈ ಜೋಡಿಸಿದ ಮೊದಲನೇ ಕಂಪನಿಯಲ್ಲಿ ಮೂರು ತಿಂಗಳ 62 ವಿಷಯಗಳನ್ನು ಹೀಗೆ ಜರಡಿ ಹಿಡಿದಾಗ ಉಳಿದದ್ದು ಒಂಬತ್ತು. ಎರಡು ಸಲ ಎಣಿಸಿದೆವು, ನಂಬಿಕೆ ಬರಲಿಲ್ಲ. ನಮ್ಮ ಮೂರು ತಿಂಗಳ ಸೋಮವಾರಗಳನ್ನು ತಿಂದದ್ದು ಉಳಿದ 53.

ಹೀಗೆ ಕೊನೆಗೆ ಉಳಿಯುವ ಪಟ್ಟಿಯೇ ನಿಮ್ಮ ಟೀಮ್‌ನ ನಿಜವಾದ ಕೆಲಸ. ಒಂದು ಪುಟದಲ್ಲಿ ಬರೆದು ಎಲ್ಲರಿಗೂ ಕಾಣುವಂತೆ ಇಡಿ.

ಹೆಜ್ಜೆ 3: ಕುರ್ಚಿಗಳನ್ನು ಎಣಿಸಿ

ನನ್ನ ಪ್ರಕಾರ ಸಿಇಒ ಸೇರಿ ಐದರಿಂದ ಎಂಟು. ಹತ್ತು ದಾಟಿತು ಅಂದರೆ ಅದು ಟೀಮ್ ಅಲ್ಲ, ಸಭೆ. ಇದು ಶಾಸ್ತ್ರ ಅಲ್ಲ. ಎರಡು ಗಂಟೆಯ ಮೀಟಿಂಗ್‌ನಲ್ಲಿ ಆರು ಜನ ಇದ್ದರೆ ಒಬ್ಬೊಬ್ಬರಿಗೆ 20 ನಿಮಿಷ ಸಿಗುತ್ತದೆ. 14 ಜನಕ್ಕೆ ಎಂಟೂವರೆ ನಿಮಿಷ. ಎಂಟೂವರೆ ನಿಮಿಷದಲ್ಲಿ ಒಬ್ಬರು ತಮ್ಮ ವಿಷಯ ಹೇಳಬಹುದು. ಇನ್ನೊಬ್ಬರದ್ದನ್ನು ಪ್ರಶ್ನೆ ಮಾಡಿ, ಉತ್ತರ ಕೇಳಿ, ತಮ್ಮ ಅಭಿಪ್ರಾಯ ಬದಲಿಸಿಕೊಳ್ಳಲು ಆಗಲ್ಲ.

ನಿರ್ದೇಶಕರ ಮಂಡಳಿಗಳ ಮೇಲೆ ಇಂಥದ್ದೇ ಅಧ್ಯಯನ ನಡೆದಿದೆ. ಡೇವಿಡ್ ಯರ್ಮ್ಯಾಕ್ ಅನ್ನುವ ಸಂಶೋಧಕರು ಅಮೆರಿಕದ 452 ದೊಡ್ಡ ಕಂಪನಿಗಳನ್ನು ನೋಡಿ 1996ರಲ್ಲಿ ಬರೆದರು. ಚಿಕ್ಕ ಮಂಡಳಿ ಇರುವ ಕಂಪನಿಗಳಿಗೆ ಮಾರುಕಟ್ಟೆ ಹೆಚ್ಚು ಬೆಲೆ ಕೊಟ್ಟಿತ್ತು. ಮಂಡಳಿ ಬೇರೆ, ದಿನದ ಕೆಲಸ ನಡೆಸುವ ಲೀಡರ್‌ಶಿಪ್ ಟೀಮ್ ಬೇರೆ. ಚಿಕ್ಕದಾದ್ದರಿಂದಲೇ ಬೆಲೆ ಬಂತು ಅಂತಲೂ ಇದರಿಂದ ಹೇಳಲು ಆಗಲ್ಲ. ಆದರೂ ಗಾಳಿ ಬೀಸುವ ದಿಕ್ಕು ಗೊತ್ತಾಗುತ್ತದೆ.

ಇಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ. ಚಿಪ್ ಕಂಪನಿ ಎನ್‌ವಿಡಿಯಾದ ಸಿಇಒ ಜೆನ್ಸನ್ ಹುವಾಂಗ್ ಅವರಿಗೆ ಸುಮಾರು 60 ಜನ ನೇರವಾಗಿ ರಿಪೋರ್ಟ್ ಮಾಡುತ್ತಿದ್ದರಲ್ಲ, ಆ ಕಂಪನಿ ಚೆನ್ನಾಗಿಯೇ ನಡೆದಿದೆಯಲ್ಲ? ನಿಜ. ಆದರೆ ನೇರವಾಗಿ ರಿಪೋರ್ಟ್ ಮಾಡುವವರು ಎಷ್ಟು ಅನ್ನುವುದೂ, ಒಟ್ಟಿಗೆ ಕೂತು ತೀರ್ಮಾನ ಮಾಡುವವರು ಎಷ್ಟು ಅನ್ನುವುದೂ ಬೇರೆ ಬೇರೆ ಪ್ರಶ್ನೆಗಳು. ಸಿಇಒಗೆ ರಿಪೋರ್ಟ್ ಮಾಡುವವರೆಲ್ಲ ಲೀಡರ್‌ಶಿಪ್ ಟೀಮ್‌ನಲ್ಲಿ ಇರಲೇಬೇಕು ಅಂತ ಎಲ್ಲೂ ಬರೆದಿಲ್ಲ. ಈ ಎರಡನ್ನು ಬೇರೆ ಮಾಡಿದರೆ ಅರ್ಧ ಗಂಟು ಬಿಚ್ಚಿದ ಹಾಗೆ.

ಯಾರಿರಬೇಕು ಅಂತ ಆರಿಸುವಾಗ ಹೆಜ್ಜೆ 2ರ ಪಟ್ಟಿಯನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ. ಒಬ್ಬೊಬ್ಬರ ಹೆಸರಿಗೂ ಕೇಳಿಕೊಳ್ಳಿ: ಈ ಪಟ್ಟಿಯ ಅರ್ಧಕ್ಕಿಂತ ಜಾಸ್ತಿ ವಿಷಯಗಳಲ್ಲಿ ಇವರ ಮಾತು ಬೇಕೇ ಬೇಕಾ? ತಮ್ಮ ವಿಭಾಗಕ್ಕೆ ನಷ್ಟವಾದರೂ ಕಂಪನಿಗೆ ಒಳ್ಳೆಯದಾಗುವ ಕಡೆ ಇವರು ಯಾವತ್ತಾದರೂ ನಿಂತಿದ್ದಾರಾ? ಎರಡನೇ ಪ್ರಶ್ನೆಗೆ ನೆನಪಿನಿಂದ ಒಂದು ಉದಾಹರಣೆ ಹೇಳಲು ಆಗಬೇಕು. 'ಅವರು ಒಳ್ಳೆಯವರು' ಅನ್ನುವುದು ಉತ್ತರ ಅಲ್ಲ. ನಾನು ಜಾಸ್ತಿ ತೂಕ ಕೊಡುವುದು ಈ ಎರಡನೆಯದಕ್ಕೇ. ತಮ್ಮ ವಿಭಾಗದ ವಕೀಲರಾಗಿ ಮಾತ್ರ ಬಂದು ಕೂರುವವರು ಎಷ್ಟೇ ಜಾಣರಾಗಿದ್ದರೂ ಆ ಕೋಣೆಯಲ್ಲಿ ಕೆಲಸ ನಿಧಾನವಾಗುತ್ತದೆ.

ಕಂಪನಿಯಲ್ಲೇ 20 ಜನ ಇದ್ದರೆ ಇಷ್ಟೆಲ್ಲ ಬೇಡ. ಶುರು ಮಾಡಿದ ಇಬ್ಬರು ಮೂವರು, ಜೊತೆಗೆ ಲೆಕ್ಕ ಗೊತ್ತಿರುವ ಒಬ್ಬರು. ಅಷ್ಟೇ ಸಾಕು.

ಹೆಜ್ಜೆ 4: ಬಿಡಬೇಕಾದವರ ಜೊತೆ ಮಾತಾಡಿ

ಎಲ್ಲಕ್ಕಿಂತ ಕಷ್ಟದ್ದು ಇದೇ. ನಾವು ಎಡವಿದ್ದೂ ಇಲ್ಲೇ.

ಎರಡನೇ ಕಂಪನಿಯಲ್ಲಿ 12 ಇದ್ದ ಟೀಮ್ ಏಳಕ್ಕೆ ಇಳಿಯಿತು. ಪಟ್ಟಿ ಸರಿಯಾಗಿತ್ತು, ಕಾರಣಗಳೂ ಸರಿಯಾಗಿದ್ದವು. ಐದು ಜನರ ಜೊತೆ ಮುಂದಿನ ವಾರ ಮಾತಾಡೋಣ ಅಂದುಕೊಂಡಿದ್ದೆವು. ಅಷ್ಟರಲ್ಲಿ ಶುಕ್ರವಾರ ಸಂಜೆ ಯಾರೋ ಕ್ಯಾಲೆಂಡರ್‌ನಲ್ಲಿ ಹಳೆಯ ಮೀಟಿಂಗ್ ತೆಗೆದು ಏಳು ಜನಕ್ಕೆ ಹೊಸದು ಕಳಿಸಿದರು. 11 ವರ್ಷದಿಂದ ಕಂಪನಿಯಲ್ಲಿದ್ದ ಹಿರಿಯರೊಬ್ಬರು ಆ ಹೊತ್ತಿಗೆ ಫೋನ್ ನೋಡುತ್ತಾ ಕೂತಿದ್ದರಂತೆ. ಸೋಮವಾರ ಬೆಳಿಗ್ಗೆಯ ಚೌಕ ಖಾಲಿಯಾದದ್ದು ಕಂಡಿತು. ಏನೋ ತಾಂತ್ರಿಕ ತೊಂದರೆ ಅಂದುಕೊಂಡು ನನಗೇ ಮೆಸೇಜ್ ಮಾಡಿದರು: 'ಸೋಮವಾರ ಮೀಟಿಂಗ್ ಇಲ್ವಾ?' ಆ ಮೆಸೇಜ್‌ಗೆ ನಾನು ರಾತ್ರಿಯವರೆಗೂ ಉತ್ತರ ಕೊಡಲಿಲ್ಲ. ಏನು ಬರೆಯಬೇಕು ಅಂತ ತಿಳಿಯಲಿಲ್ಲ. ಎರಡು ತಿಂಗಳಲ್ಲಿ ಅವರು ಕೆಲಸ ಬಿಟ್ಟರು. ಅವತ್ತು ಕೂಡಲೇ ಫೋನ್ ಮಾಡದಿದ್ದದ್ದಕ್ಕೆ ಇವತ್ತಿಗೂ ನನಗೆ ಬೇಜಾರಿದೆ.

ಅದಕ್ಕೇ ಕ್ರಮ ಹೀಗಿರಲಿ. ಸಿಇಒ ತಾವೇ, ಒಬ್ಬೊಬ್ಬರ ಜೊತೆ, ಎದುರುಬದುರು ಕೂತು ಮಾತಾಡಬೇಕು. ಎಲ್ಲರ ಜೊತೆಗೂ ಒಂದೇ ದಿನ, ಆಗದಿದ್ದರೆ ಎರಡು ದಿನದೊಳಗೆ. ಸುದ್ದಿ ಅದಕ್ಕಿಂತ ನಿಧಾನವಾಗಿ ಓಡಲ್ಲ. ಎಚ್‌ಆರ್‌ನವರಿಗೆ ಹೇಳಿ ಮಾಡಿಸಬೇಡಿ, ಮೇಲ್ ಕಳಿಸಬೇಡಿ. ಈ ಮಾತು ಪೂರ್ತಿ ಮುಗಿಯುವವರೆಗೆ ಕ್ಯಾಲೆಂಡರ್ ಮುಟ್ಟಬೇಡಿ.

ಏನು ಹೇಳಬೇಕು? ಸುತ್ತಿ ಬಳಸದೆ ಮೊದಲ ಮಾತಿನಲ್ಲೇ ವಿಷಯ ಹೇಳಿ. ನಮ್ಮ ಸಿಇಒ ಮೊದಲನೇ ಕಂಪನಿಯಲ್ಲಿ ಒಬ್ಬರಿಗೆ ಹೇಳಿದ್ದು ಹೀಗೆ:

'ಮುಂದಿನ ತಿಂಗಳಿಂದ ಲೀಡರ್‌ಶಿಪ್ ಟೀಮ್ ಆರು ಜನರದ್ದು. ಅದರಲ್ಲಿ ನೀವು ಇರಲ್ಲ. ನಿಮ್ಮ ಹುದ್ದೆ, ಸಂಬಳ, ನಿಮ್ಮ ಟೀಮ್ ಯಾವುದೂ ಬದಲಾಗಲ್ಲ. ನೀವು ಈಗಲೂ ನನಗೇ ರಿಪೋರ್ಟ್ ಮಾಡ್ತೀರಿ. ಈ ಒಂಬತ್ತು ವಿಷಯಕ್ಕಾಗಿ ಆ ಟೀಮ್ ಇರೋದು. ಇದರಲ್ಲಿ ಎರಡು ನಿಮ್ಮ ಕೆಲಸಕ್ಕೆ ತಾಗುತ್ತವೆ. ಅವು ಬಂದಾಗ ನಿಮ್ಮನ್ನ ಕೇಳದೆ ತೀರ್ಮಾನ ಮಾಡಲ್ಲ.'

ಅಷ್ಟು ಹೇಳಿ ಸುಮ್ಮನಾದರು. ಎದುರಿಗಿದ್ದವರು ಸ್ವಲ್ಪ ಹೊತ್ತು ಮೇಜು ನೋಡುತ್ತಾ ಕೂತಿದ್ದು, 'ನಾನೇನಾದರೂ ತಪ್ಪು ಮಾಡಿದ್ನಾ?' ಅಂತ ಕೇಳಿದರು. ಈ ಪ್ರಶ್ನೆ ಬಂದೇ ಬರುತ್ತದೆ, ಉತ್ತರ ಸಿದ್ಧ ಇರಲಿ. ತಪ್ಪು ಇಲ್ಲದಿದ್ದರೆ 'ಇಲ್ಲ' ಅಂತ ನೇರವಾಗಿ ಹೇಳಿ. ಅವರ ಕೆಲಸದ ಬಗ್ಗೆ ನಿಜವಾಗಿ ದೂರು ಇದ್ದರೆ ಅದನ್ನು ಈ ಮಾತಿನಲ್ಲಿ ಬೆರೆಸಬೇಡಿ. ಅದಕ್ಕೆ ಬೇರೆ ದಿನ, ಬೇರೆ ಮಾತು. ಟೀಮ್ ಚಿಕ್ಕದು ಮಾಡುವ ನೆಪದಲ್ಲಿ ಬೇಡದವರನ್ನು ದೂರ ಇಟ್ಟರೆ, ಇಡೀ ಬದಲಾವಣೆಯ ಬಗ್ಗೆಯೇ ಜನಕ್ಕೆ ನಂಬಿಕೆ ಹೋಗುತ್ತದೆ.

ಕೆಲವರಿಗೆ ನಿಜಕ್ಕೂ ನಿರಾಳ ಆಗುತ್ತದೆ. ವಾರಕ್ಕೆ ಎರಡು ಗಂಟೆ ಉಳಿಯಿತು ಅಂತ ಒಬ್ಬರು ಅಲ್ಲೇ ನಕ್ಕರು. ಆದರೆ ಎಲ್ಲರಿಗೂ ಹಾಗೆ ಆಗುತ್ತದೆ ಅಂತ ಅಂದುಕೊಳ್ಳಬೇಡಿ.

ಹೆಜ್ಜೆ 5: ದೊಡ್ಡ ಗುಂಪಿಗೂ ಒಂದು ಜಾಗ ಕೊಡಿ

ಕುರ್ಚಿ ಕಿತ್ತುಕೊಂಡು ಬದಲಿಗೆ ಏನೂ ಕೊಡದಿದ್ದರೆ ಆರು ತಿಂಗಳಲ್ಲಿ ಟೀಮ್ ಮತ್ತೆ 14 ಆಗುತ್ತದೆ. ಜನಕ್ಕೆ ಬೇಕಾದದ್ದು ಎರಡು. ಏನು ನಡೆಯುತ್ತಿದೆ ಅಂತ ಗೊತ್ತಾಗಬೇಕು. ತಮ್ಮ ಮಾತಿಗೆ ಬೆಲೆ ಇರಬೇಕು.

ತಿಂಗಳಿಗೊಮ್ಮೆ ಎಲ್ಲ ವಿಭಾಗಗಳ ಹಿರಿಯರನ್ನೂ ಸೇರಿಸಿ. 15 ಆಗಲಿ, 25 ಆಗಲಿ. ಅಲ್ಲಿ ತೀರ್ಮಾನ ಮಾಡಬೇಡಿ. ಆದ ತೀರ್ಮಾನಗಳನ್ನು ವಿವರಿಸಿ, ಬರಲಿರುವ ವಿಷಯಗಳ ಬಗ್ಗೆ ಅಭಿಪ್ರಾಯ ಕೇಳಿ. 'ಇಲ್ಲಿ ಕೇಳುತ್ತೇವೆ, ತೀರ್ಮಾನ ಅಲ್ಲಿ' ಅಂತ ಮೊದಲೇ ಹೇಳಿಬಿಡಿ. ಇದನ್ನು ಮುಚ್ಚಿಟ್ಟರೆ ಜನಕ್ಕೆ ಮೋಸ ಹೋದ ಹಾಗೆ ಅನ್ನಿಸುತ್ತದೆ.

ಚಿಕ್ಕ ಟೀಮ್‌ನ ಮೀಟಿಂಗ್‌ಗೆ ಹೊರಗಿನವರು ಬರಬಹುದು, ಆದರೆ ತಮ್ಮ ವಿಷಯಕ್ಕೆ ಮಾತ್ರ. 10:30ಕ್ಕೆ ಬಂದು, ಪೂರ್ತಿ ಮಾತಾಡಿ, 11ಕ್ಕೆ ಹೊರಡಬೇಕು. 'ಇದ್ದುಬಿಡಿ, ಪರವಾಗಿಲ್ಲ' ಅಂತ ಸೌಜನ್ಯಕ್ಕೆ ಹೇಳುವ ಒಂದೇ ಮಾತಿನಿಂದ ಹೊಸ ಕುರ್ಚಿ ಹುಟ್ಟುತ್ತದೆ. ಮುಂದಿನ ವಾರ ಅವರು ಬರುತ್ತಾರೆ. ಅದರ ಮುಂದಿನ ವಾರ ಅವರಿಗಾಗಿ ಕಾಯುತ್ತೀರಿ.

ಹೆಜ್ಜೆ 6: ಮೀಟಿಂಗ್ ರೀತಿ ಬದಲಿಸಿ

ಜನ ಕಡಿಮೆಯಾದ ಮಾತ್ರಕ್ಕೆ ಟೀಮ್ ಚುರುಕಾಗಲ್ಲ. ಆರು ಜನ ಕೂತು ಹಳೆಯ ರೀತಿಯಲ್ಲೇ ಒಬ್ಬರಾದ ಮೇಲೆ ಒಬ್ಬರು ವರದಿ ಒಪ್ಪಿಸಿದರೆ ಮೊದಲಿಗಿಂತ ಬೇಗ ಬೇಜಾರಾಗುತ್ತದೆ, ಅಷ್ಟೇ.

ವರದಿಗಳನ್ನು ಹಿಂದಿನ ದಿನವೇ ಬರೆದು ಕಳಿಸಿ. ಮೀಟಿಂಗ್‌ನಲ್ಲಿ ಎರಡು ಅಥವಾ ಮೂರು ವಿಷಯ ಮಾತ್ರ ಇರಲಿ, ದೊಡ್ಡದು ಮೊದಲು. ಬ್ರಿಟಿಷ್ ಲೇಖಕ ಪಾರ್ಕಿನ್ಸನ್ 1957ರಲ್ಲಿ ಹೇಳಿದ ಸಮಿತಿಯ ಕಥೆ ಕೇಳಿರಬಹುದು. ಆ ಸಮಿತಿ ಅಣುಸ್ಥಾವರಕ್ಕೆ ಕೆಲವೇ ನಿಮಿಷದಲ್ಲಿ ಒಪ್ಪಿಗೆ ಕೊಟ್ಟಿತು, ಸೈಕಲ್ ನಿಲ್ಲಿಸುವ ಶೆಡ್ ಬಗ್ಗೆ ಮುಕ್ಕಾಲು ಗಂಟೆ ವಾದ ಮಾಡಿತು. ಅಣುಸ್ಥಾವರ ಯಾರಿಗೂ ಅರ್ಥವಾಗಲ್ಲ, ಶೆಡ್ ಎಲ್ಲರಿಗೂ ಅರ್ಥವಾಗುತ್ತದೆ. ನಿಮ್ಮ ಅಜೆಂಡಾದಲ್ಲಿ ಶೆಡ್ ಯಾವುದು ಅಂತ ಗುರುತಿಸಿ ತೆಗೆದುಹಾಕಿ.

ಅಜೆಂಡಾದಲ್ಲಿ 'ಬೆಲೆ ಬಗ್ಗೆ ಚರ್ಚೆ' ಅಂತ ಬರೆಯಬೇಡಿ. 'ಬೆಲೆ ಈ ತಿಂಗಳು ಏರಿಸಬೇಕಾ, ಮೂರು ತಿಂಗಳು ಕಾಯಬೇಕಾ?' ಅಂತ ಪ್ರಶ್ನೆಯಾಗಿ ಬರೆಯಿರಿ. ಚರ್ಚೆ ಮಾಡಿ ಅಂದರೆ ಎಷ್ಟು ಹೊತ್ತಾದರೂ ಮಾತಾಡಬಹುದು. ಪ್ರಶ್ನೆ ಕೇಳಿದರೆ ಉತ್ತರ ಸಿಕ್ಕಿತೋ ಇಲ್ಲವೋ ಅಂತ ಎಲ್ಲರಿಗೂ ಕಾಣುತ್ತದೆ.

ಸಿಇಒ ಕೊನೆಗೆ ಮಾತಾಡಬೇಕು. ಇದು ಹೇಳಿದಷ್ಟು ಸುಲಭ ಅಲ್ಲ. ನಾನು ಕಂಡ ಒಬ್ಬರು ತುಟಿ ಕಚ್ಚಿಕೊಂಡು ಕೂರುತ್ತಿದ್ದರು, ಮುಂದಿದ್ದ ಹಾಳೆಯ ಮೇಲೆ ತಮ್ಮ ಅಭಿಪ್ರಾಯ ಬರೆದು ಮಡಚಿ ಇಡುತ್ತಿದ್ದರು. ಎಲ್ಲರೂ ಮಾತಾಡಿದ ಮೇಲೆ ಹಾಳೆ ಬಿಚ್ಚಿ, 'ನಾನು ಬರೆದದ್ದು ಇದು, ಈಗ ನನಗೂ ಬೇರೆ ಅನ್ನಿಸುತ್ತಿದೆ' ಅಂತ ಎಷ್ಟೋ ಸಲ ಹೇಳಿದ್ದಾರೆ. ಅವರು ಮೊದಲೇ ಮಾತಾಡಿದ್ದರೆ ಉಳಿದ ಐವರೂ ತಲೆಯಾಡಿಸಿ ಎದ್ದು ಹೋಗುತ್ತಿದ್ದರು.

ಪ್ರತಿ ತೀರ್ಮಾನವನ್ನೂ ಎಲ್ಲರೂ ಅಲ್ಲೇ ಕೂತಿರುವಾಗ ಒಂದು ಸಾಲಿನಲ್ಲಿ ಬರೆದು ಜೋರಾಗಿ ಓದಿ. ಪಕ್ಕದಲ್ಲಿ ಒಬ್ಬರ ಹೆಸರು, ಒಂದು ತಾರೀಕು. ಒಬ್ಬರದ್ದೇ ಹೆಸರು, ಇಬ್ಬರದ್ದು ಬೇಡ. ಆಪಲ್‌ನಲ್ಲಿ ಪ್ರತಿ ಕೆಲಸಕ್ಕೂ ನೇರ ಹೊಣೆಯ ಒಬ್ಬರು ಇರಲೇಬೇಕು ಅನ್ನುವ ಪದ್ಧತಿ ಹೆಸರುವಾಸಿ. ನಾವೂ ಅದನ್ನೇ ಹಿಡಿದೆವು. ಓದುವಾಗಲೇ 'ನಾನು ಹಾಗೆ ಒಪ್ಪಿಲ್ಲವಲ್ಲ' ಅಂತ ಯಾರಾದರೂ ಅಂದರೆ ಒಳ್ಳೆಯದೇ ಆಯಿತು. ಅದು ಲಿಫ್ಟ್ ಹತ್ತಿರ ಗೊತ್ತಾಗುವುದಕ್ಕಿಂತ ಇಲ್ಲೇ ಗೊತ್ತಾಗಲಿ.

ಆ ಸಾಲುಗಳನ್ನು ಅದೇ ದಿನ ಎಲ್ಲ ವಿಭಾಗಗಳ ಹಿರಿಯರಿಗೆ ಕಳಿಸಿ. ಗುಟ್ಟಾಗಿ ಇಡಲೇಬೇಕಾದ ಒಂದೆರಡನ್ನು ಬಿಟ್ಟು ಉಳಿದದ್ದೆಲ್ಲ ಹೋಗಲಿ. ಕೋಣೆ ಚಿಕ್ಕದಾದಷ್ಟೂ ಹೊರಗಿನವರಿಗೆ ಅನುಮಾನ ಜಾಸ್ತಿ. ಬರೆದ ಸಾಲುಗಳು ಬೇಗ ಬಂದರೆ ಅನುಮಾನಕ್ಕೆ ಜಾಗ ಕಡಿಮೆ.

ಹೆಜ್ಜೆ 7: ಚಿಕ್ಕ ಟೀಮ್‌ನ ಅಪಾಯ ನೋಡಿಕೊಳ್ಳಿ

ಚಿಕ್ಕ ಟೀಮ್‌ಗೆ ತನ್ನದೇ ರೋಗ ಇದೆ. ಆರು ಜನ ಆಪ್ತರಾಗಿ, ಒಂದೇ ರೀತಿ ಯೋಚಿಸುತ್ತಾ, ಒಬ್ಬರನ್ನೊಬ್ಬರು ಪ್ರಶ್ನಿಸುವುದನ್ನೇ ಬಿಟ್ಟುಬಿಡುತ್ತಾರೆ. 1961ರಲ್ಲಿ ಕ್ಯೂಬಾದ ಮೇಲೆ ನಡೆಸಿದ ಬೇ ಆಫ್ ಪಿಗ್ಸ್ ದಾಳಿಯಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿ ಅವರ ಸರ್ಕಾರ ಮುಗ್ಗರಿಸಿತು. ಸುತ್ತಲಿದ್ದ ಜಾಣರು ತಮ್ಮ ಅನುಮಾನಗಳನ್ನು ನುಂಗಿಕೊಂಡು ಕೂತದ್ದು ಇದಕ್ಕೆ ಕಾರಣ ಅಂತ ಮನೋವಿಜ್ಞಾನಿ ಇರ್ವಿಂಗ್ ಜಾನಿಸ್ 1972ರಲ್ಲಿ ವಿವರಿಸಿದರು. ಆ ದಾಳಿಯ ಮರುವರ್ಷವೇ, 1962ರ ಕ್ಯೂಬಾ ಕ್ಷಿಪಣಿ ಬಿಕ್ಕಟ್ಟಿನಲ್ಲಿ, ಕೆನಡಿ ಕೆಲವು ಸಭೆಗಳಿಂದ ಬೇಕೆಂದೇ ದೂರ ಉಳಿದರು. ತಾನಿಲ್ಲದಾಗ ಉಳಿದವರು ಬಿಚ್ಚಿ ಮಾತಾಡಲಿ ಅಂತ.

ಇದರಿಂದ ನೀವು ನಾಳೆಯೇ ಮಾಡಬಹುದಾದದ್ದು ಇದೆ. ದೊಡ್ಡ ತೀರ್ಮಾನಕ್ಕೆ ಮುಂಚೆ ಸಿಇಒ 20 ನಿಮಿಷ ಹೊರಗೆ ಹೋಗಿ ಬರಲಿ. ಪ್ರತಿ ದೊಡ್ಡ ವಿಷಯಕ್ಕೂ ಒಬ್ಬರನ್ನು ಹೆಸರು ಹಿಡಿದು ಕೇಳಿ: 'ಇದು ಕೆಟ್ಟರೆ ಯಾವ ಕಾರಣಕ್ಕೆ ಕೆಡುತ್ತದೆ, ನೀವು ಹೇಳಿ.' ಆ ಸರದಿ ಪ್ರತಿ ಸಲ ಬದಲಾಗಲಿ. ಮನೋವಿಜ್ಞಾನಿ ಸಾಲೊಮನ್ ಆಶ್ 1950ರ ದಶಕದಲ್ಲಿ ಮಾಡಿದ ಪ್ರಯೋಗಗಳಲ್ಲಿ, ಗುಂಪಿನ ಎಲ್ಲರೂ ತಪ್ಪು ಉತ್ತರ ಹೇಳಿದಾಗ ಗೊತ್ತಿದ್ದೂ ತಲೆಬಾಗಿದವರು ಬಹಳ. ಜೊತೆಗೆ ಒಬ್ಬರೇ ಒಬ್ಬರು ಸರಿ ಉತ್ತರ ಹೇಳಿದರೆ ಸಾಕು, ತಲೆಬಾಗುವುದು ತುಂಬ ಕಡಿಮೆಯಾಗುತ್ತಿತ್ತು. ಆರು ಜನರ ಕೋಣೆಯಲ್ಲಿ ಆ ಒಬ್ಬರು ಯಾವಾಗಲೂ ಇರುವ ಹಾಗೆ ನೋಡಿಕೊಳ್ಳುವುದು ಸಿಇಒ ಕೆಲಸ.

ಇನ್ನೊಂದು, ಯಾರು ಒಳಗಿಲ್ಲ ಅಂತ ನೋಡಿ. ಆರೂ ಜನ ಸೇಲ್ಸ್ ಹಿನ್ನೆಲೆಯವರಾ? ಆರೂ ಜನ ಸ್ಥಾಪಕರ ಹಳೆಯ ಸ್ನೇಹಿತರಾ? ಗ್ರಾಹಕರ ದೂರನ್ನು ನೇರವಾಗಿ ಕೇಳುವವರು ಒಬ್ಬರಾದರೂ ಇದ್ದಾರಾ? ಇಲ್ಲದಿದ್ದರೆ ಇನ್ನೊಂದು ಕುರ್ಚಿ ಹಾಕಬೇಡಿ, ಇರುವವರಲ್ಲಿ ಒಬ್ಬರನ್ನು ಬದಲಿಸಿ.

ಹೆಜ್ಜೆ 8: ಮತ್ತೆ ಬೆಳೆಯದ ಹಾಗೆ ಕಾಯಿರಿ

ಟೀಮ್ ಚಿಕ್ಕದಾದ ಎರಡನೇ ತಿಂಗಳಿಗೇ ಮೊದಲ ಕೋರಿಕೆ ಬರುತ್ತದೆ. 'ಇವರನ್ನು ಸೇರಿಸಿಕೊಂಡರೆ ಒಳ್ಳೆಯದಲ್ವಾ?' ಆಗ ಕೇಳಬೇಕಾದದ್ದು: ಇವರು ಇಲ್ಲದ ಕಾರಣಕ್ಕೆ ನಮ್ಮ ಪಟ್ಟಿಯ ಯಾವ ತೀರ್ಮಾನ ನಿಂತಿದೆ? ಉತ್ತರ ಇದ್ದರೆ ಸೇರಿಸಿ. ಇಲ್ಲದಿದ್ದರೆ ಅವರಿಗೆ ಗೌರವ ಕೊಡಲು ಬೇರೆ ದಾರಿ ನೋಡಿ. ಒಳ್ಳೆಯ ಸಂಬಳ, ದೊಡ್ಡ ಹೊಣೆ, ಸಿಇಒ ಜೊತೆ ತಿಂಗಳಿಗೊಮ್ಮೆ ಒಂದು ಗಂಟೆ. ನನ್ನನ್ನು ಕೇಳಿದರೆ, ಆ ಒಂದು ಗಂಟೆ ಸೋಮವಾರದ ಕುರ್ಚಿಗಿಂತ ಎಷ್ಟೋ ಹೆಚ್ಚಿನದು.

ಒಬ್ಬರು ಬಂದರೆ ಒಬ್ಬರು ಹೋಗಲೇಬೇಕು ಅನ್ನುವ ಕಟ್ಟುನಿಟ್ಟಿನ ನಿಯಮ ಕೆಲವು ಕಡೆ ಇದೆ. ನನಗೆ ಅದು ಅಷ್ಟು ಇಷ್ಟವಿಲ್ಲ. ಹೊಸಬರು ಬಂದರೆ ಹೋಗುವವರು ಯಾರು ಅಂತ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಅದಕ್ಕಿಂತ ಆರು ತಿಂಗಳಿಗೊಮ್ಮೆ ಪಟ್ಟಿಯನ್ನೇ ಹೊಸದಾಗಿ ಬರೆಯಿರಿ. ಕಂಪನಿಯ ಕೆಲಸ ಬದಲಾದರೆ ಪಟ್ಟಿಯ ವಿಷಯಗಳೂ ಬದಲಾಗುತ್ತವೆ. ಅದಕ್ಕೆ ತಕ್ಕ ಹಾಗೆ ಕುರ್ಚಿಗಳೂ. ಸೇರುವ ದಿನವೇ 'ಇದು ಶಾಶ್ವತ ಅಲ್ಲ, ಕೆಲಸ ಇರುವವರೆಗೆ' ಅಂತ ಪ್ರತಿಯೊಬ್ಬರಿಗೂ ಹೇಳಿಟ್ಟರೆ, ಬಿಡುವ ದಿನ ಅವಮಾನ ಅನ್ನಿಸಲ್ಲ.

ಮೂರು ತಿಂಗಳ ಮೇಲೆ ಮೊದಲ ಹೆಜ್ಜೆಯ ಚೀಟಿಗಳನ್ನು ಮತ್ತೆ ಹಂಚಿ. ಈ ಸಲ ಟೀಮ್‌ನ ಹೊರಗಿರುವ ನಾಲ್ಕೈದು ಜನಕ್ಕೂ ಕೊಡಿ, ಕೆಳಗೆ ಇನ್ನೊಂದು ಪ್ರಶ್ನೆ ಸೇರಿಸಿ: 'ಕಳೆದ ತಿಂಗಳು ಈ ಟೀಮ್ ಮಾಡಿದ ಒಂದು ತೀರ್ಮಾನ ಬರೆಯಿರಿ.' ಮೊದಲನೇ ಕಂಪನಿಯಲ್ಲಿ ಹೀಗೆ ಮಾಡಿದಾಗ 11 ಚೀಟಿಗಳು ಬಂದವು. ಹತ್ತರಲ್ಲಿ ಅದೇ ಆರು ಹೆಸರು. ತೀರ್ಮಾನ ಬರೆದವರು ಎಂಟು ಜನ. ಖಾಲಿ ಬಿಟ್ಟ ಮೂವರ ಜೊತೆ ಅದೇ ವಾರ ಕೂತು ಮಾತಾಡಿದೆವು. ಆಗ ತಿಳಿಯಿತು, ಮೂವರೂ ರಾತ್ರಿ ಪಾಳಿಯವರು. ನಾವು ಮಧ್ಯಾಹ್ನ ಕಳಿಸುತ್ತಿದ್ದ ಮೇಲ್ ಅವರು ಕೆಲಸಕ್ಕೆ ಬರುವ ಹೊತ್ತಿಗೆ ನೂರು ಮೇಲ್‌ಗಳ ಕೆಳಗೆ ಹೋಗಿರುತ್ತಿತ್ತು. ಮರುದಿನದಿಂದ ಅದನ್ನು ಅಚ್ಚು ಹಾಕಿಸಿ, ಪಾಳಿ ಬದಲಾಗುವ ಬಾಗಿಲ ಪಕ್ಕದ ಬೋರ್ಡ್‌ಗೆ ಹಚ್ಚತೊಡಗಿದೆವು.